ಮೀನು ಆರಿಸಿದವರು

ನಮ್ಮ ಕಡೆಯ ಒಂದು ದೇವಸ್ಥಾನದ ವಾರ್ಷಿಕ ವರದಿ ಪ್ರತಿವರ್ಷ ಜಾತ್ರೆಗೆ ಮುಂಚೆ ಅಚ್ಚಾಗಿ ಬರುತ್ತದೆ. ದೇವಸ್ಥಾನದ ಹೆಸರು ಬೇಡ. ನಿಮ್ಮೂರಿನದೂ ಹೀಗೇ ಇರುತ್ತದೆ. ಹನ್ನೆರಡು ಪುಟದ ವರದಿ. ಅದರಲ್ಲಿ ಶಾಮಿಯಾನ ಹಾಕಿದವರ ಹೆಸರಿದೆ, ಮೈಕ್ ಸೆಟ್ಟಿನವರ ಹೆಸರಿದೆ, ಒಂದು ಮೂಟೆ ಅಕ್ಕಿ ಕೊಟ್ಟವರ ಹೆಸರು ಅವರ ಎಸ್ಟೇಟಿನ ಹೆಸರಿನ ಸಮೇತ ಇದೆ. ಕೊನೆಯ ಪುಟದ ಕೆಳಗಡೆ, ಜಾಗ ಉಳಿದುಬಿಟ್ಟಿತಲ್ಲ ಎಂಬಂತೆ, ಒಂದು ಸಾಲು: 'ಮಹಿಳೆಯರು ಎಂದಿನಂತೆ ಸಹಕರಿಸಿದರು.'

ಆ 'ಎಂದಿನಂತೆ' ಎಂಬ ಮಾತಿನೊಳಗೆ ಹನ್ನೊಂದು ವರ್ಷ ನಾನೂ ಇದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ದೇವಸ್ಥಾನದ ಹಿಂದಿನ ಜಗಲಿಯಲ್ಲಿ ಮಕ್ಕಳಿಗೆ ಶ್ಲೋಕ, ವಚನ, ದಾಸರ ಪದ, ಪುರಾಣದ ಕಥೆ ಹೇಳಿಕೊಡುತ್ತಿದ್ದೆ. ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟರೆ ಘಾಟಿ ಇಳಿಯುವ ಮುಂಚೆ ಸಿಗುವ ನಮ್ಮ ದೋಣಿಗಲ್ಲಿನಲ್ಲಿ ಮಳೆ ಹಿಡಿದರೆ ಜೂನಿನಿಂದ ಸೆಪ್ಟೆಂಬರಿನ ತನಕ ಬಿಡುವುದಿಲ್ಲ. ಆ ಮಳೆಯಲ್ಲೂ ಮಕ್ಕಳು ಕಾಲಿಗೆ ಹತ್ತಿದ ಜಿಗಣೆ ಕಿತ್ತುಕೊಳ್ಳುತ್ತ ಬರುತ್ತಿದ್ದರು. ಮೂವತ್ತು ನಲವತ್ತು ಮಕ್ಕಳು, ಒಂದು ಜಗಲಿ, ಒಬ್ಬಳು ನಾನು. ಪುಸ್ತಕವಿಲ್ಲ, ಬೀರು ಇಲ್ಲ, ಕರಿಹಲಗೆ ನಾನೇ ಮನೆಯಿಂದ ಒಯ್ದದ್ದು. ಇದಕ್ಕೆ ನಮ್ಮಲ್ಲಿ 'ಸೇವೆ' ಎಂದು ಹೆಸರು.

ಹನ್ನೊಂದು ವರ್ಷ ನನಗೆ ಈ ಶಬ್ದದ ಬಗ್ಗೆ ಏನೂ ಅನ್ನಿಸಲಿಲ್ಲ. ಅನ್ನಿಸುವಂತೆ ಮಾಡಿದ್ದು ಮಂಜರಾಬಾದ್ ಕೋಟೆ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆ. ಒಳಗೆ ನಿಂತರೆ ಅದರ ಆಕಾರ ತಿಳಿಯುವುದಿಲ್ಲ, ಮೇಲಿನಿಂದ ನೋಡಿದರೆ ನಕ್ಷತ್ರ. ಈಗ ಡ್ರೋನಿನಲ್ಲಿ ತೆಗೆದ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ಏಳನೇ ಕ್ಲಾಸಿನ ಹುಡುಗನೊಬ್ಬ ಆ ಚಿತ್ರ ನೋಡಿ, "ಆಂಟೀ, ಇದು ಟಿ.ವಿ.ಯಲ್ಲಿ ಇಸ್ರೇಲ್ ಬಾವುಟದಲ್ಲಿ ತೋರಿಸ್ತಾರಲ್ಲ, ಯಹೂದಿಗಳ ನಕ್ಷತ್ರ ಅಲ್ವಾ?" ಅಂದ. ಎಣಿಸು ಅಂದೆ. ಎಂಟು ಮೂಲೆ. ಯಹೂದಿಗಳದ್ದು ಆರು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಪಕ್ಕದಲ್ಲಿದ್ದ ಹುಡುಗಿ ಕೇಳಿದಳು: "ಯಹೂದಿ ಮಕ್ಕಳಿಗೂ ನಮ್ ಥರ ಭಾನುವಾರದ ಕ್ಲಾಸ್ ಇರುತ್ತಾ? ಅವರಿಗೆ ಯಾರು ಹೇಳಿಕೊಡ್ತಾರೆ?"

ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಓದುವ ನಮ್ಮಂಥವರಿಗೆ ಯಹೂದಿಗಳು ಗೊತ್ತಿರುವುದು ಹಿಟ್ಲರನ ಕಾಲದ ಸಾವಿನಿಂದ. 2007ರಲ್ಲಿ ಬಂದ ನೇಮಿಚಂದ್ರರ 'ಯಾದ್ ವಶೇಮ್' ಕಾದಂಬರಿಯನ್ನು ನಮ್ಮ ಓಣಿಯ ಹೆಂಗಸರೆಲ್ಲ ಒಬ್ಬರಿಂದೊಬ್ಬರು ಇಸಿದುಕೊಂಡು ಓದಿ ಅತ್ತಿದ್ದೇವೆ. ಅವರು ಹೇಗೆ ಸತ್ತರು ಎಂಬುದು ಗೊತ್ತು. ಹೇಗೆ ಬದುಕಿದರು, ಮಕ್ಕಳಿಗೆ ಏನು ಕಲಿಸಿದರು, ಅದು ಗೊತ್ತಿಲ್ಲ. ದೂರದವರು ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ ಅವರ ಸ್ಮಶಾನವಿದೆ; ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1904ರಲ್ಲಿ. ಮುಂಬಯಿಯ ಅತ್ಯಂತ ಹಳೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, 1796ರದ್ದು. ಅದನ್ನು ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಇಂಗ್ಲಿಷರ ಸೈನ್ಯದಲ್ಲಿದ್ದು ಟಿಪ್ಪುವಿಗೆ ಸೆರೆಸಿಕ್ಕವನು. ಟಿಪ್ಪುವಿನ ತಾಯಿ ಹೇಳಿದ್ದರಿಂದ ತಲೆ ಉಳಿಯಿತು, ಬದುಕಿ ಹೋದರೆ ದೇವರಿಗೊಂದು ಮನೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದ ಎಂದು ಅವರ ಜನ ಈಗಲೂ ಹೇಳುತ್ತಾರೆ. 'ಕರುಣೆಯ ಬಾಗಿಲು' ಎಂದು ಆ ಮಂದಿರದ ಹೆಸರು. ನಾವು ದಿನಾ ನೋಡುವ ಕೋಟೆ ಕಟ್ಟಿಸಿದವನ ಸೆರೆಮನೆಗೂ ಮುಂಬಯಿಯ ಆ ಮಂದಿರಕ್ಕೂ ಹೀಗೊಂದು ನೆಂಟಸ್ತಿಕೆ.

ದಿವೇಕರನ ಜನಕ್ಕೆ ಬೆನೆ ಇಸ್ರೇಲ್ ಎನ್ನುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣದಲ್ಲಿ ಎಣ್ಣೆ ತೆಗೆದುಕೊಂಡು, ಮರಾಠಿ ಮಾತಾಡಿಕೊಂಡು ಇದ್ದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರು. ಅವರ ಹತ್ತಿರ ಧರ್ಮಗ್ರಂಥ ಉಳಿದಿರಲಿಲ್ಲ, ಹೀಬ್ರೂ ಭಾಷೆ ಮರೆತುಹೋಗಿತ್ತು. ಹೀಗಿರುವಾಗ ದಾವೀದ್ ರಾಹಬಿ ಎಂಬ ಯಹೂದಿ ಅಲ್ಲಿಗೆ ಬಂದ. ಯಾವ ಕಾಲದಲ್ಲಿ ಎಂಬುದಕ್ಕೆ ವಿದ್ವಾಂಸರಲ್ಲಿ ಜಗಳವಿದೆ, ಅದು ಅವರಿಗಿರಲಿ. ಇವರು ನಿಜವಾಗಿ ನಮ್ಮವರೇ ಎಂದು ಅವನಿಗೆ ಅನುಮಾನ. ಪರೀಕ್ಷೆ ಮಾಡಲು ಒಂದಷ್ಟು ಮೀನು ತಂದು ಹೆಂಗಸರ ಕೈಗೆ ಕೊಟ್ಟು ಅಡುಗೆ ಮಾಡಿ ಅಂದ. ಎಲ್ಲ ಬಗೆಯ ಮೀನೂ ಅದರಲ್ಲಿ ಬೆರೆತಿದ್ದವು. ಯಹೂದಿಗಳ ಕಟ್ಟಳೆಯ ಪ್ರಕಾರ ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನನ್ನು ಮಾತ್ರ ತಿನ್ನಬಹುದು. ಆ ಹೆಂಗಸರು ಮಾತಿಲ್ಲದೆ ಕೂತು ರೆಕ್ಕೆ, ಹುರುಪೆ ಇರುವ ಮೀನನ್ನು ಒಂದು ಕಡೆ ಆರಿಸಿ, ಉಳಿದದ್ದನ್ನು ಇದು ನಾವು ಮುಟ್ಟುವುದಿಲ್ಲ ಎಂದು ಪಕ್ಕಕ್ಕಿಟ್ಟರು. ರಾಹಬಿಗೆ ನಂಬಿಕೆ ಬಂತು: ಇವರು ನಮ್ಮವರು.

ಇಲ್ಲಿಯ ತನಕ ಕಥೆ ಓದಿ ನನಗೆ ಎದೆ ತುಂಬಿ ಬಂತು. ಗ್ರಂಥ ಹೋಯಿತು, ಭಾಷೆ ಹೋಯಿತು, ಗುರುಗಳು ಇಲ್ಲವಾದರು; ಅಡುಗೆಮನೆಯಲ್ಲಿ, ತಾಯಿಯಿಂದ ಮಗಳಿಗೆ, ಸೊಸೆಗೆ, ಧರ್ಮ ಉಳಿದಿತ್ತು. ಆಮೇಲೆ ಏನಾಯಿತು ಗೊತ್ತೆ? ಈ ಜನಕ್ಕೆ ಧರ್ಮ ಹೇಳಿಕೊಡಲು ಶಿಕ್ಷಕರು ಬೇಕು ಎಂದು ರಾಹಬಿ ಮೂರು ಮನೆತನದವರನ್ನು ಆರಿಸಿದ. ಮೂವರೂ ಗಂಡಸರು. ಅವರಿಗೆ ಹೀಬ್ರೂ ಕಲಿಸಿ, ಪ್ರಾರ್ಥನೆ ಕಲಿಸಿ, 'ಕಾಜಿ' ಎಂಬ ಪದವಿ ಕೊಟ್ಟು ಊರೂರಿಗೆ ಕಳಿಸಿದ. ಪರೀಕ್ಷೆಯಲ್ಲಿ ಪಾಸಾದವರು ಹೆಂಗಸರು, ಕೆಲಸ ಸಿಕ್ಕಿದ್ದು ಗಂಡಸರಿಗೆ. ಮೀನು ಆರಿಸಿದ ಆ ಹೆಂಗಸರಲ್ಲಿ ಒಬ್ಬಳ ಹೆಸರೂ ಉಳಿದಿಲ್ಲ. ಅವರೂ ಎಂದಿನಂತೆ ಸಹಕರಿಸಿದರು.

ಈ ಕಥೆಯನ್ನು ಮುಂದಿನ ಭಾನುವಾರ ಮಕ್ಕಳಿಗೆ ಹೇಳಿದೆ. ಕೋಟೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿಯೇ ಮತ್ತೆ ಎದ್ದು ನಿಂತಳು. ಎಸ್ಟೇಟಿನ ಲೈನ್ ಮನೆಯ ಹುಡುಗಿ, ಹನ್ನೊಂದು ವರ್ಷ. "ಆಂಟೀ, ಇಲ್ಲೂ ಹಂಗೇ ಅಲ್ವಾ? ಗುಡಿಸೋದು ನಮ್ಮಮ್ಮ, ಹೂ ಕಟ್ಟೋದು ನೀವು, ಪಾತ್ರೆ ತೊಳೆಯೋದು ದೊಡ್ಡಮ್ಮ. ಮೀಟಿಂಗಲ್ಲಿ ಕೂರೋದು ಮಾತ್ರ ಅವರು. ಯಾಕೆ?"

ಹೊರಗಡೆ ಕಮಿಟಿಯವರು ಇಬ್ಬರು ನಿಂತಿದ್ದರು. ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. "ಜಾಸ್ತಿ ಮಾತಾಡಬೇಡ, ಶ್ಲೋಕ ಹೇಳು" ಅಂದೆ. ಹುಡುಗಿ ಶ್ಲೋಕ ಹೇಳಿದಳು. ಆಮೇಲೆ ನಾಲ್ಕು ಭಾನುವಾರ ಬರಲಿಲ್ಲ.

ಆ ನಾಲ್ಕು ವಾರ ನಾನು ಸುಮ್ಮನೆ ಕೂರಲಾರದೆ ಇನ್ನಷ್ಟು ಓದಿದೆ. ಓದುತ್ತಾ ಹೋದಂತೆ ಕಪಾಳಕ್ಕೆ ಹೊಡೆದ ಹಾಗಾಯಿತು. ಯಹೂದಿ ಮಗುವಿನ ಧರ್ಮಶಿಕ್ಷಣದಲ್ಲಿ ಪ್ರಶ್ನೆ ಎಂಬುದು ಅಧಿಕಪ್ರಸಂಗ ಅಲ್ಲ, ಅದೇ ಪಾಠ. ಪಸ್ಕ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕೂತಾಗ, ಮನೆಯ ಅತಿ ಕಿರಿಯ ಮಗು ಎದ್ದು ಈ ರಾತ್ರಿ ಉಳಿದ ರಾತ್ರಿಗಳ ಹಾಗೆ ಯಾಕಿಲ್ಲ ಎಂದು ಕೇಳಬೇಕು. ಆ ಪ್ರಶ್ನೆ ಕೇಳಿದ ಮೇಲೆ ಹಿರಿಯರು ಈಜಿಪ್ಟಿನ ಗುಲಾಮಗಿರಿಯ ಕಥೆ ಹೇಳಲು ಶುರುಮಾಡುತ್ತಾರೆ. ಆ ರಾತ್ರಿ ಓದುವ ಪುಸ್ತಕದಲ್ಲಿ ನಾಲ್ಕು ಬಗೆಯ ಮಕ್ಕಳ ಮಾತು ಬರುತ್ತದೆ: ಜಾಣ, ಉದ್ಧಟ, ಮುಗ್ಧ, ಮತ್ತು ಪ್ರಶ್ನೆ ಕೇಳಲೂ ಬಾರದವನು. ಈ ನಾಲ್ಕನೆಯ ಮಗುವಿಗೆ ನೀನೇ ಬಾಯಿ ಬಿಡಿಸು ಎಂದು ಪುಸ್ತಕ ಹೇಳುತ್ತದೆ. ಹೀಬ್ರೂವಿನಲ್ಲಿ ಗಂಡಸಿಗೊಂದು 'ನೀನು', ಹೆಂಗಸಿಗೊಂದು 'ನೀನು' ಇದೆ. ಈ ಜಾಗದಲ್ಲಿ ಬಂದಿರುವುದು ಹೆಂಗಸಿಗೆ ಹೇಳುವ 'ನೀನು'. ಅದು ಹಳೆಯ ಕಾಲದ ಬಳಕೆ ಅಷ್ಟೇ, ಗಂಡಸಿಗೂ ಹಾಗೆ ಹೇಳುತ್ತಿದ್ದರು ಎನ್ನುವವರಿದ್ದಾರೆ. ಅಲ್ಲ, ಇದು ತಾಯಿಗೇ ಹೇಳಿದ ಮಾತು ಎಂದು ವ್ಯಾಖ್ಯಾನ ಬರೆದವರೂ ಇದ್ದಾರೆ. ನಾನು ಯಾರ ಪಕ್ಷ ಎಂದು ಬೇರೆ ಹೇಳಬೇಕೆ? ಕೇಳಲು ಬಾರದ ಮಗುವಿನ ಬಾಯಿ ಬಿಡಿಸಬೇಕಾದವಳು ಕೇಳಲು ಬರುವ ಮಗುವಿನ ಬಾಯಿ ಮುಚ್ಚಿಸಿದ್ದೆ.

ಅವರಲ್ಲೂ ನಮ್ಮ ಅಕ್ಷರಾಭ್ಯಾಸದಂಥದ್ದು ಒಂದಿತ್ತು. ನಾವು ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ. ಯೂರೋಪಿನ ಯಹೂದಿಗಳು ಹಿಂದಿನ ಕಾಲದಲ್ಲಿ ಹಲಗೆಯ ಮೇಲೆ ಅಕ್ಷರ ಬರೆದು, ಅದಕ್ಕೆ ಜೇನು ಸವರಿ, ಮಗುವಿನಿಂದ ನೆಕ್ಕಿಸುತ್ತಿದ್ದರಂತೆ. ವಿದ್ಯೆ ಸಿಹಿ ಎಂದು ನಾಲಿಗೆಗೇ ಗೊತ್ತಾಗಲಿ ಎಂದು. ಇನ್ನೊಂದು ಸಂಗತಿ ನೋಡಿ. ತಾಲ್ಮುದ್ ಎಂಬ ಅವರ ಹಳೆಯ ಗ್ರಂಥದಲ್ಲಿ ಒಬ್ಬ ಉಪಾಧ್ಯಾಯನಿಗೆ ಎಷ್ಟು ಮಕ್ಕಳು ಎಂಬ ಲೆಕ್ಕವೇ ಇದೆ. 25 ಮಕ್ಕಳ ತನಕ ಒಬ್ಬರು. 40 ಆದರೆ ಸಹಾಯಕ್ಕೆ ಇನ್ನೊಬ್ಬರು, ಅವರ ಖರ್ಚು ಊರಿನದು. 50 ಆದರೆ ಇಬ್ಬರು ಉಪಾಧ್ಯಾಯರು. ಊರೂರಿಗೂ ಉಪಾಧ್ಯಾಯರನ್ನು ನೇಮಿಸಬೇಕು, ಆರೇಳು ವರ್ಷಕ್ಕೆ ಮಗುವನ್ನು ಕರೆತಂದು ಕೂರಿಸಬೇಕು ಎಂದು ಗೊತ್ತುಮಾಡಿದವನು ಯೆಹೋಶುವ ಬೆನ್ ಗಾಮ್ಲಾ, ಎರಡು ಸಾವಿರ ವರ್ಷದ ಹತ್ತಿರದ ಹಿಂದೆ. ಆ ಹಳೆಯ ಕಾಲದಲ್ಲೇ ಊರಿನ ಖರ್ಚಿನಲ್ಲಿ ಸಹಾಯಕರನ್ನು ಇಡಬಹುದಾಗಿದ್ದರೆ, ಕಾಫಿ ರೇಟು ಇಷ್ಟು ಏರಿರುವ ಈ ಕಾಲದಲ್ಲಿ ನಮ್ಮ ಜಗಲಿಗೆ ಒಂದು ಬೀರು ಬರುವುದಿಲ್ಲವೆ?

ಅವರದೆಲ್ಲ ಚಿನ್ನ, ನಮ್ಮದೆಲ್ಲ ಹಿತ್ತಾಳೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. ಆ ಉಪಾಧ್ಯಾಯರ ಲೆಕ್ಕವೆಲ್ಲ ಗಂಡುಮಕ್ಕಳಿಗೆ. ಮಗಳಿಗೆ ತೋರಾ, ಅಂದರೆ ಅವರ ವೇದ, ಕಲಿಸಬೇಕು ಎಂದು ಬೆನ್ ಅಝೈ ಎಂಬ ಪಂಡಿತ ಹೇಳಿದರೆ, ಮಗಳಿಗೆ ಕಲಿಸುವುದೂ ಒಂದೇ ಅವಳಿಗೆ ಕೆಟ್ಟ ನಡತೆ ಕಲಿಸುವುದೂ ಒಂದೇ ಎಂದು ಎಲಿಯೆಝರ್ ಎಂಬ ಪಂಡಿತ ಹೇಳಿದ. ಇಬ್ಬರ ಮಾತೂ ಒಂದೇ ಪುಟದಲ್ಲಿದೆ. ಶತಮಾನಗಳ ತನಕ ನಡೆದದ್ದು ಯಾರ ಮಾತು ಎಂದು ನೀವೇ ಊಹಿಸಿ. ಸಂಪ್ರದಾಯಸ್ಥ ಸಿನಗಾಗ್‌ಗಳಲ್ಲಿ ಇಂದಿಗೂ ಹೆಂಗಸರು ಕೂರುವುದು ಮರೆಯಲ್ಲಿ ಅಥವಾ ಮಾಳಿಗೆಯಲ್ಲಿ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು ಎಂದರೆ ಹತ್ತು ಗಂಡಸರು ಬೇಕು. ಇಡೀ ಓಣಿಯ ಹೆಂಗಸರು ಬಂದು ಕೂತರೂ ಎಣಿಕೆ ಸೊನ್ನೆ.

ಆದರೆ ಅಲ್ಲಿ ಕೆಲವು ಹೆಂಗಸರು 'ಎಂದಿನಂತೆ' ಎಂಬ ಮಾತನ್ನು ಒಪ್ಪಲಿಲ್ಲ. ನನಗೆ ಬೇಕಾದದ್ದು ಅದು. 1838ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಸ್ ಎಂಬ ಮದುವೆಯಾಗದ ಹೆಂಗಸು ಯಹೂದಿ ಮಕ್ಕಳಿಗೆ ಭಾನುವಾರದ ಶಾಲೆ ತೆರೆದಳು. ಕ್ರೈಸ್ತರ ಭಾನುವಾರದ ಶಾಲೆ ನೋಡಿ ಕಲಿತದ್ದು, ಅದನ್ನೇನೂ ಮುಚ್ಚಿಡಲಿಲ್ಲ. ಗಂಡು ಹೆಣ್ಣು ಒಟ್ಟಿಗೆ. ಕಲಿಸುವವರೆಲ್ಲ ಹೆಂಗಸರು, ಸಂಬಳವಿಲ್ಲ. ಆಹಾ, ನಮ್ಮ ಹಾಗೆಯೇ ಸೇವೆ ಎನ್ನುತ್ತೀರಾ? ಅಲ್ಲ. ಶಾಲೆಯ ಆಡಳಿತವೂ ಅವರದೇ. ಯಾವ ಪುಸ್ತಕ, ಯಾರು ಟೀಚರು, ಯಾವ ಪಾಠ ಎಂದು ನಿರ್ಧರಿಸುವವರು ಅವರೇ. ಆಕೆ 25 ವರ್ಷಕ್ಕೂ ಮೇಲೆ ಅದರ ಮೇಲ್ವಿಚಾರಕಿಯಾಗಿದ್ದಳು. ಪುಕ್ಕಟೆ ದುಡಿಯುವುದರಲ್ಲಿ ಅವಮಾನವಿಲ್ಲ, ದುಡಿಯುವವಳಿಗೆ ಮಾತಿಲ್ಲದಿರುವುದರಲ್ಲಿದೆ.

ಇನ್ನೊಬ್ಬಳು ನನಗೆ ಹೆಚ್ಚು ಹತ್ತಿರದವಳು. ಪೋಲೆಂಡಿನ ಕ್ರಾಕೋವ್ ಪಟ್ಟಣದ ಸಾರಾ ಶೆನಿರರ್. ಬಟ್ಟೆ ಹೊಲಿಯುವವಳು. ಅವಳೇನು ಕ್ರಾಂತಿ ಮಾಡಲು ಹೊರಟವಳಲ್ಲ, ತೀರಾ ಸಂಪ್ರದಾಯದವಳು. ಹುಡುಗಿಯರು ಮೈಗೆ ಬಟ್ಟೆ ಹೊಲಿಸಲು ಬರುತ್ತಾರೆ, ಇವರ ಮನಸ್ಸಿಗೆ ಹೊದಿಸುವವರು ಯಾರೂ ಇಲ್ಲವಲ್ಲ ಎನ್ನಿಸಿ, 1917ರಲ್ಲಿ 25 ಹುಡುಗಿಯರನ್ನು ಕೂರಿಸಿಕೊಂಡು ಧರ್ಮಪಾಠ ಶುರುಮಾಡಿದಳು. 1935ರಲ್ಲಿ ಆಕೆ ಸಾಯುವ ಹೊತ್ತಿಗೆ ಅಂಥ ಶಾಲೆಗಳು ನೂರಾರು ಆಗಿದ್ದವು. ಹೊಲಿಗೆ ಮಿಷನ್ನಿನ ಮುಂದೆ ಕೂತವಳ ತಲೆಯಲ್ಲಿ ಹುಟ್ಟಿದ್ದು. ಸಕಲೇಶಪುರದ ಬಸ್ ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ನಮ್ಮ ಟೈಲರ್ ಅಕ್ಕನಿಗೆ ಇದನ್ನು ಹೇಳಿದೆ. "ಅವಳಿಗೆ ಬಾಡಿಗೆ ಕಟ್ಟೋ ತಾಪತ್ರಯ ಇರಲಿಲ್ಲ ಅಂತ ಕಾಣುತ್ತೆ" ಅಂದಳು.

ಮುಂಬಯಿಗೆ ವಾಪಸು ಬರುತ್ತೇನೆ, ಯಾಕೆಂದರೆ ಅದು ನಮ್ಮ ಶಿವಮೊಗ್ಗಕ್ಕೆ ಬರುವ ದಾರಿ. ರಾಹಬಿ ಆರಿಸಿದ ಆ ಮೂರು ಮನೆತನಗಳಲ್ಲಿ ಒಂದಕ್ಕೆ ಝಿರಾಡ್ ಎಂಬ ಊರಿನ ಹೆಸರು. ಅದೇ ಹೆಸರು ಹೊತ್ತ ಒಂದು ಹುಡುಗಿ ಶಿವಮೊಗ್ಗದಲ್ಲಿ ಹುಟ್ಟಿದಳು: ಜೆರೂಷಾ ಝಿರಾಡ್. ಮುಂಬಯಿಯಲ್ಲಿ ವೈದ್ಯಕೀಯ ಓದಿ, ಲಂಡನ್ನಿಗೆ ಹೋಗಿ 1919ರಲ್ಲಿ ಹೆರಿಗೆ ಶಾಸ್ತ್ರದಲ್ಲಿ ಎಂ.ಡಿ. ಪಡೆದವರು. ಬೆಂಗಳೂರಿನಲ್ಲೂ ಕೆಲವು ಕಾಲ ಕೆಲಸ ಮಾಡಿದರು. 1928ರಿಂದ 1947ರ ತನಕ ಮುಂಬಯಿಯ ಕಾಮಾ ಆಸ್ಪತ್ರೆಯನ್ನು ನಡೆಸಿದರು, 1966ರಲ್ಲಿ ಪದ್ಮಶ್ರೀ ಬಂತು. ನಮ್ಮ ಪಾಠದ ಪುಸ್ತಕಗಳಲ್ಲಿ ಈ ಹೆಸರು ನೋಡಿದ ನೆನಪು ನನಗಿಲ್ಲ. ಡಾಕ್ಟರಾದದ್ದಕ್ಕಿಂತ ನನಗೆ ದೊಡ್ಡದೆನಿಸಿದ್ದು 1925ರಲ್ಲಿ ಮಾಡಿದ ಕೆಲಸ. ಲಂಡನ್ನಿನಲ್ಲಿದ್ದಾಗ ಲಿಲಿ ಮಾಂಟಗು ಎಂಬ ಹೆಂಗಸು ಕಟ್ಟಿದ ಧಾರ್ಮಿಕ ಸಂಘವನ್ನು ಕಂಡಿದ್ದರು. ಅಂಥದ್ದನ್ನೇ ಮುಂಬಯಿಯಲ್ಲಿ ಕಟ್ಟಿದರು. ಗಂಡಸರು ಹೆಂಗಸರು ಜೊತೆಯಲ್ಲಿ ಕೂತು, ಅರ್ಥವಾಗುವ ಭಾಷೆಯಲ್ಲಿ ಪ್ರಾರ್ಥಿಸುವ ಸಂಘ. ದಿನವಿಡೀ ಹೆರಿಗೆ ಮಾಡಿಸಿ ಕೈ ತೊಳೆದುಕೊಂಡು ಬಂದ ಹೆಂಗಸು, ಬುಟ್ಟಿಯ ಮುಂದೆ ಕೂರದೆ, ಕಾಜಿಯ ಜಾಗದ ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು.

ಕೊಚ್ಚಿಯ ಯಹೂದಿ ಹೆಂಗಸರ ಕಥೆಯೂ ಇದೆ. ಅವರು ಮಲಯಾಳದಲ್ಲಿ ತಮ್ಮ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಗಂಡಸರ ಎದುರಿಗೇ ಹಾಡುತ್ತಿದ್ದರು. 1950ರ ದಶಕದಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೊರಟಾಗ ಪೆಟ್ಟಿಗೆಯಲ್ಲಿ ಆ ಪುಸ್ತಕಗಳೂ ಹೋದವು. ನಮ್ಮ ಅಜ್ಜಿಯ ಸೋಬಾನೆ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಬರೆದುಕೊಳ್ಳಲು ನನಗೆ ಪುರುಸೊತ್ತಿರಲಿಲ್ಲ, ದೇವಸ್ಥಾನದಲ್ಲಿ ಸೇವೆಯಿತ್ತು.

ನಾಲ್ಕು ವಾರ ಕಳೆದ ಮೇಲೆ ಲೈನ್ ಮನೆಗೆ ಹೋದೆ. ಹುಡುಗಿಯ ತಾಯಿ ಕಾಫಿ ಬುಡ ಬಿಡಿಸುವ ಕೆಲಸ ಮುಗಿಸಿ ಬಂದಿದ್ದಳು. "ನಿಮಗೆ ಸಿಟ್ಟು ಬಂದಿದೆ, ನಾನು ಬರಲ್ಲ ಅಂತಾಳೆ ಅಮ್ಮಾವ್ರೇ" ಅಂದಳು. ಹುಡುಗಿ ಬಾಗಿಲ ಸಂದಿಯಲ್ಲಿತ್ತು. ನಿನ್ನ ಪ್ರಶ್ನೆ ಸರಿಯಾಗಿತ್ತು, ನನಗೆ ಉತ್ತರ ಹೇಳುವ ಧೈರ್ಯ ಇರಲಿಲ್ಲ ಎಂದೆ. ದೊಡ್ಡವರು ಮಕ್ಕಳಿಗೆ ಹಾಗೆಲ್ಲ ಹೇಳಬಾರದು ಎಂದು ಆಮೇಲೆ ನಮ್ಮ ಮನೆಯಲ್ಲಿ ನನಗೆ ಪಾಠವಾಯಿತು.

ಉತ್ತರ ಕೇಳಲು ಕಮಿಟಿಗೆ ಹೋದೆ. ನಾನು ಕೇಳಿದ್ದು ನಾಲ್ಕೇ. ಮಕ್ಕಳ ಪುಸ್ತಕಕ್ಕೆ ಒಂದು ಬೀರು. ನನ್ನ ಜೊತೆ ಪಾಠ ಮಾಡಲು ಬರುವ ಡಿಗ್ರಿ ಓದಿದ ಹುಡುಗಿಗೆ ಬಸ್ ಚಾರ್ಜು ಮತ್ತು ಒಂದಿಷ್ಟು ಸಂಬಳ. ವರದಿಯಲ್ಲಿ ಗುಡಿಸುವವರಿಂದ ಹಿಡಿದು ಎಲ್ಲ ಹೆಂಗಸರ ಹೆಸರು. ಕಮಿಟಿಯಲ್ಲಿ ಒಂದು ಜಾಗ.

"ದೇವರ ಕೆಲಸಕ್ಕೆ ಲೆಕ್ಕ ಇಡೋದಾ ಅಕ್ಕಾ?" ಅಂದರು ಹಿರಿಯರೊಬ್ಬರು, ನೊಂದವರ ಹಾಗೆ.

ಇಡುತ್ತೀರಲ್ಲ, ಇದೇ ವರದಿಯಲ್ಲಿ ಇದೆಯಲ್ಲ ಅಂದೆ. ಶಾಮಿಯಾನದವನಿಗೆ ದುಡ್ಡು, ಮೈಕಿನವನಿಗೆ ದುಡ್ಡು, ಅಡುಗೆ ಭಟ್ಟರಿಗೆ ದುಡ್ಡು, ವಾದ್ಯದವರಿಗೆ ದುಡ್ಡು, ಅರ್ಚಕರಿಗೆ ಸಂಬಳ, ಸಂಬಳದ ಮೇಲೆ ದಕ್ಷಿಣೆ. ಇವರೆಲ್ಲರ ಕೆಲಸ ದೇವರದಲ್ಲವೆ? ಹೆಂಗಸು ಕೈಹಾಕಿದ ಕೂಡಲೇ ಅದು ಲೆಕ್ಕವಿಲ್ಲದ ಕೆಲಸವಾಗುವುದು ಹೇಗೆ? ಮನೆಯಲ್ಲಿ ಮಾಡುವ ಅಡುಗೆಗೆ ಲೆಕ್ಕವಿಲ್ಲ, ಸರಿ. ಆ ಅಭ್ಯಾಸವನ್ನೇ ತಂದು ದೇವಸ್ಥಾನದ ಮೆಟ್ಟಿಲ ಮೇಲೂ ಹಾಸುತ್ತೀರಲ್ಲ? ಇನ್ನೊಬ್ಬರು, "ಯಾರದೋ ಯಹೂದಿಗಳ ಕಥೆ ನಮ್ಮ ಮಕ್ಕಳಿಗೆ ಯಾಕೆ?" ಎಂದು ಕೇಳಿದರು. ಯಹೂದಿಗಳಿಗಾಗಿ ಅಲ್ಲ ಸ್ವಾಮಿ, ಅವರ ಕನ್ನಡಿಯಲ್ಲಿ ನಮ್ಮ ಮುಖ ಕಂಡಿತು, ಅದಕ್ಕೆ ಅಂದೆ. ಬೇರೆಯವರ ಮನೆಯ ಜಗಳ ನೋಡಿದಾಗಲೇ ಅಲ್ಲವೆ ನಮ್ಮ ಮನೆಯದು ತಿಳಿಯುವುದು? ಇದೇ ರಸ್ತೆಯ ಚರ್ಚಿನಲ್ಲಿ ಭಾನುವಾರದ ಪಾಠ ಮಾಡುವ ನನ್ನ ಗೆಳತಿಯನ್ನು ಕೇಳಿ, ಅವಳದೂ ಇದೇ ಹಾಡು.

ಕೊನೆಗೆ ಅವರು ಒಂದು ಉಪಾಯ ಕಂಡುಹಿಡಿದರು. 'ಮಹಿಳಾ ಘಟಕ' ಮಾಡೋಣ, ನೀವೇ ಅಧ್ಯಕ್ಷರಾಗಿ. ಘಟಕದ ಜವಾಬ್ದಾರಿ ಏನು ಎಂದು ಕೇಳಿದೆ. ರಂಗೋಲಿ, ಹೂವು, ಪ್ರಸಾದ ವಿತರಣೆ.

ಹಾಸನದಲ್ಲಿ ಕಾಲೇಜು ಮೇಷ್ಟರಾಗಿರುವ ನನ್ನ ಸ್ನೇಹಿತೆಗೆ ಇದನ್ನೆಲ್ಲ ಹೇಳಿದರೆ ಅವಳದು ಇನ್ನೊಂದು ರಾಗ. "ಮಕ್ಕಳಿಗೆ ಧರ್ಮದ ಪಾಠವೇ ಯಾಕೆ ಬೇಕು? ಬಿಟ್ಟುಹಾಕು." ನಾವು ಬಿಟ್ಟರೆ ಜಾಗ ಖಾಲಿ ಇರುತ್ತದೆಯೆ? ಫೋನಿನಲ್ಲಿ ಬರುವ ಮೂವತ್ತು ಸೆಕೆಂಡಿನ ಧರ್ಮಪಾಠವನ್ನು ಅವಳೂ ನೋಡಿದ್ದಾಳೆ. ಅದಕ್ಕೆ ಮಗು ತಿರುಗಿ ಪ್ರಶ್ನೆ ಕೇಳುವಂತಿಲ್ಲ. ಜಗಲಿಯ ಮೇಲೆ ಕೂತ ಮುದಿ ಆಂಟಿಗಾದರೆ ಕೇಳಬಹುದು, ಅವಳಿಗೆ ಬುದ್ಧಿ ಬಂದಿದ್ದರೆ.

ಈಗ ಪಾಠ ನಮ್ಮ ಮನೆಯಲ್ಲಿ ನಡೆಯುತ್ತದೆ. ಕಾಫಿ ಗೋಡೌನು ಖಾಲಿ ಇರುವ ತಿಂಗಳುಗಳಲ್ಲಿ ಅಲ್ಲಿ. ಡಿಸೆಂಬರಿನಿಂದ ಮೂಟೆ ತುಂಬಿದ ಮೇಲೆ ಪಡಸಾಲೆಯಲ್ಲಿ. ಐದು ಮನೆಯವರು ಸೇರಿ ಬೀರು ತಂದಿದ್ದೇವೆ. ಖರ್ಚಿನ ಲೆಕ್ಕವನ್ನು ಲೈನ್ ಮನೆಯ ಆ ಹುಡುಗಿಯೇ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾಳೆ, ಗುಡಿಸಿದವರ ಹೆಸರಿನ ಸಮೇತ. ಪ್ರತಿ ಭಾನುವಾರ ಮೊದಲ ಪ್ರಶ್ನೆ ಅತಿ ಚಿಕ್ಕ ಮಗುವಿನದು. ಅದು ಕೇಳುವ ತನಕ ನಾನು ಕಥೆ ಶುರುಮಾಡುವುದಿಲ್ಲ. ಹೋದ ವಾರದ್ದು, ಗಣಪತಿಯ ಹೊಟ್ಟೆಗೆ ಸುತ್ತಿದ ಹಾವಿಗೆ ಊಟ ಯಾರು ಹಾಕುತ್ತಾರೆ ಎಂಬುದು. ಇಪ್ಪತ್ತೈದು ಮಕ್ಕಳ ತನಕ ನಾನೊಬ್ಬಳೇ ನಿಭಾಯಿಸುತ್ತಿದ್ದೆ. ಈಗ ಮೂವತ್ತೊಂದು ಇದ್ದಾರೆ, ಸಹಾಯಕ್ಕೆ ಬರುತ್ತಿದ್ದ ಡಿಗ್ರಿ ಹುಡುಗಿಗೆ ಮದುವೆಯಾಗಿ ಮೂಡಿಗೆರೆಗೆ ಹೋದಳು. ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು ಯಾರಾದರೂ ಇದ್ದರೆ ಬೇಕಾಗಿದ್ದಾರೆ. ಸಂಬಳ ಕೊಡುತ್ತೇವೆ, ಸ್ವಲ್ಪವೇ.